ಮುಚ್ಚಿ ತೆರೆಯುವ ಛಾವಣಿಯ ಫೈಲು

ಒಬ್ಬ ಮನುಷ್ಯನ ಮೇಲೆ ನಾನು ಐದು ವರ್ಷ ಹಲ್ಲು ಮಸೆದಿದ್ದೇನೆ. ಆಫೀಸಿನಲ್ಲಿ ಎದುರಿಗೆ ಬಂದರೆ ಎದ್ದು ನಿಂತು 'ಸರ್' ಎನ್ನುತ್ತಿದ್ದೆ. ಇಲ್ಲಿ ಎದ್ದು ನಿಲ್ಲುವ ಅಗತ್ಯವಿಲ್ಲ, ಹಾಗಾಗಿ 'ಅವನು' ಎಂದೇ ಬರೆಯುತ್ತೇನೆ. ಹೆಸರು ಮಾತ್ರ ಹಾಕುವುದಿಲ್ಲ. ಹೆದರಿಕೆಯಿಂದಲ್ಲ. ಹೆಸರು ಹಾಕಿದರೆ ಯಾರಾದರೂ ಅವನಿಗೆ ಓದಿ ಅರ್ಥ ಹೇಳಿಯಾರು, ಅವನು ನಕ್ಕು 'ಅಚ್ಛಾ, ಅದು ನೀವೇನಾ' ಎಂದಾನು. ಆ ನಗು ನನಗೆ ಬೇಡ.

ಅವನು ಇಂಜಿನಿಯರು. ಈ ಶತಮಾನ ಶುರುವಾದ ಹೊಸದರಲ್ಲಿ ನಾವು ದಕ್ಷಿಣ ದೆಹಲಿಯ ಒಂದು ಸರ್ಕಾರಿ ಕಾಲೋನಿಯಲ್ಲಿದ್ದೆವು. ಕಿದ್ವಾಯಿ ನಗರದಿಂದ ಬಸ್ಸಿನಲ್ಲಿ ಹತ್ತು ನಿಮಿಷ. ಅಲ್ಲಿನ ಮನೆಗಳ ರಿಪೇರಿ ಅವನ ಕೈಯಲ್ಲಿತ್ತು. ನಾನು ಒಂದು ಇಲಾಖೆಯಲ್ಲಿ ಫೈಲು ಬರೆಯುವವಳು. ನನ್ನ ಹೆಸರಿಗೆ ಮಂಜೂರಾಗಿದ್ದ ಮನೆ ಮೂರನೆಯ ಮಹಡಿಯದು, ಮೇಲೆ ಬರೀ ಆಕಾಶ. ಎರಡು ಕೋಣೆ, ಒಂದು ಅಡುಗೆಮನೆ. ಗಂಡನಿಗೆ ಭೋಪಾಲಕ್ಕೆ ವರ್ಗವಾಗಿತ್ತು, ತಿಂಗಳಿಗೊಮ್ಮೆ ಬರುತ್ತಿದ್ದರು. ಮನೆಯಲ್ಲಿ ನಾನು, ಎಂಟನೆಯ ಕ್ಲಾಸಿನ ಮಗಳು, ಮತ್ತು ಅಪ್ಪ.

ಅಪ್ಪ ಕೋಲಾರದ ಚಿನ್ನದ ಗಣಿಯ ಊರಿನವರು. ಗಣಿಯ ಆಫೀಸಿನಲ್ಲಿ ಪಾಳಿಯ ಹಾಜರಿ ಬರೆಯುವ ಗುಮಾಸ್ತರು. ಆದರೆ ಊರಿನಲ್ಲಿ ಯಾರೂ ಅವರನ್ನು ಗುಮಾಸ್ತ ಎಂದು ಗುರುತಿಸುತ್ತಿರಲಿಲ್ಲ. ಗಣಿಯ ಫುಟ್‌ಬಾಲ್ ತಂಡಕ್ಕೆ ಹದಿನಾಲ್ಕು ವರ್ಷ ಅವರೇ ಗೋಲ್‌ಕೀಪರ್. ಬಲಗೈ ಕಿರುಬೆರಳು ಒಂದು ಪಂದ್ಯದಲ್ಲಿ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಅದನ್ನು ಮೊಮ್ಮಗಳಿಗೆ ತೋರಿಸಿ ಯಾರ ಒದೆತ, ಎಷ್ಟನೆಯ ನಿಮಿಷ, ಎಲ್ಲ ವಿವರಿಸುತ್ತಿದ್ದರು. ಅಮ್ಮ ತೀರಿಕೊಂಡು, ಗಣಿಯೂ ಮುಚ್ಚಿ, ಸುತ್ತಲಿನ ಕ್ವಾರ್ಟರ್ಸು ಒಂದೊಂದಾಗಿ ಖಾಲಿಯಾದ ಮೇಲೆ ನಾನು ಅವರನ್ನು ದೆಹಲಿಗೆ ಕರೆತಂದೆ. ಇಲ್ಲಿ ಅವರಿಗೆ ಇಷ್ಟವಾದದ್ದು ಒಂದೇ, ಟಿವಿಯಲ್ಲಿ ಬರುತ್ತಿದ್ದ ವಿದೇಶದ ಫುಟ್‌ಬಾಲ್. ಹಿಂದಿ ಬಾರದ ಮನುಷ್ಯ, ಆ ಆಟಕ್ಕೆ ಭಾಷೆ ಬೇಕಿಲ್ಲ ಎಂದು ಇಡೀ ದಿನ ಅದರ ಮುಂದೆ ಕೂತಿರುತ್ತಿದ್ದರು.

ಬಂದ ಎರಡನೆಯ ವರ್ಷ ಅವರಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಹೋಯಿತು. ಮಾತು ಉಳಿಯಿತು, ಬಾಯಿ ಇನ್ನೂ ಜೋರಾಯಿತು. ಬಾಡಿಗೆಗೆ ಒಂದು ಕಬ್ಬಿಣದ ಮಂಚ ತಂದು ಟಿವಿ ಕಾಣುವಂತೆ ಮುಂದಿನ ಕೋಣೆಯಲ್ಲಿ ಹಾಕಿಸಿದೆ. ಜುಲೈನಲ್ಲಿ ಮಳೆ ಹಿಡಿಯಿತು. ಮೂರನೆಯ ದಿನಕ್ಕೆ ಸರಿಯಾಗಿ ಅವರ ಎದೆಯ ಮೇಲೆ ಹನಿ ಬೀಳತೊಡಗಿತು.

ಕಾಲೋನಿಯಲ್ಲಿ ದೂರು ಕೊಡುವ ಕ್ರಮ ಇದು. ಮೂಲೆಯಲ್ಲೊಂದು ಚಿಕ್ಕ ಆಫೀಸು, ಎಲ್ಲರ ಬಾಯಲ್ಲೂ 'ಎನ್‌ಕ್ವೈರಿ'. ಅಲ್ಲಿ ರಿಜಿಸ್ಟರಿನಲ್ಲಿ ದೂರು ಬರೆದರೆ ಒಂದು ಚೀಟಿ ಹರಿದು ಕೆಲಸದವನ ಕೈಗೆ ಕೊಡುತ್ತಾರೆ. ಅವನು ಬಂದು ಕೆಲಸ ಮುಗಿಸಿ, ಮನೆಯವರಿಂದ 'ಕೆಲಸ ತೃಪ್ತಿಕರ' ಎಂಬಲ್ಲಿ ಸಹಿ ಹಾಕಿಸಿಕೊಂಡು ಚೀಟಿ ವಾಪಸು ಕೊಟ್ಟರೆ ದೂರು ಮುಗಿಯಿತು. ನಮ್ಮ ಮನೆಗೆ ಬಂದ ಗಾರೆಯವನು ಏಣಿ ಹತ್ತಿ ನೋಡಿ, ಇಳಿದು, ಕೈ ಒರೆಸಿಕೊಂಡು ಚೀಟಿ ಮುಂದೆ ಹಿಡಿದ.

"ಮೇಡಂ ಜೀ, ಪಹಲೇ ಸೈನ್ ಕರ್ ದೋ."

"ಭಯ್ಯಾ, ಅಭೀ ತೋ ಕಾಮ್ ಹುವಾ ಹೀ ನಹೀ."

ಕೆಲಸವೇ ಆಗದೆ ಮೊದಲೇ ಸಹಿ ಏಕೆ ಎಂದದ್ದಕ್ಕೆ ಅವನು, ಡಾಂಬರು ಬೇಕು, ಹಳೆಯ ಚೀಟಿಗಳೆಲ್ಲ ಸಹಿಯಾಗಿ ಹೋಗದಿದ್ದರೆ ಸ್ಟೋರಿನವನು ಹೊಸ ಸಾಮಾನು ಕೊಡುವುದಿಲ್ಲ, ನಾಳೆ ಬೆಳಿಗ್ಗೆ ಡಾಂಬರು ತಂದು ಖಂಡಿತ ಮಾಡಿಕೊಡುತ್ತೇನೆ ಎಂದ. ನಾನು ಸಹಿ ಹಾಕಿದೆ. ಬೇರೆ ಯಾರಾದರೂ ಹಾಕುತ್ತಿದ್ದರೋ ಇಲ್ಲವೋ, ಸರ್ಕಾರಿ ಗುಮಾಸ್ತೆಯಾದ ನಾನು ಹಾಕಿದೆ. ನಮ್ಮ ಆಫೀಸಿನಲ್ಲಿ ಕಾಗದ, ಗೋಂದು, ಪೆನ್ನು ಬರುವ ಮುಂಚೆಯೇ 'ಬಂದಿದೆ' ಎಂದು ಸಹಿ ಮಾಡಿದರೆ ತಾನೇ ಅವು ಬರುವುದು? ಇಪ್ಪತ್ತು ವರ್ಷದಿಂದ ಹಾಗೆ ಮಾಡಿದ ಕೈ ಯೋಚನೆಯಿಲ್ಲದೆ ಅದನ್ನೇ ಮಾಡಿತು. ಮರುದಿನ ಗಾರೆಯವನು ಬರಲಿಲ್ಲ. ಅವನನ್ನು ಬೇರೆಲ್ಲೋ ಕೆಲಸಕ್ಕೆ ಹಾಕಿದರಂತೆ.

ಮತ್ತೆ ಎನ್‌ಕ್ವೈರಿಗೆ ಹೋದರೆ ಹೊಸ ದೂರು ಬರೆದುಕೊಳ್ಳಲಿಲ್ಲ. ಅದೇ ಛಾವಣಿ, ಅದೇ ತಿಂಗಳು, ತೃಪ್ತಿಯಾಗಿದೆ ಎಂದು ನೀವೇ ಸಹಿ ಹಾಕಿದ್ದೀರಿ, ಇನ್ನು ಇಂಜಿನಿಯರ್ ಸಾಹೇಬರೇ ಹೇಳಬೇಕು ಎಂದರು. ಎರಡು ಸಲ ಹೋದೆ, ಅವನು ಸಿಗಲಿಲ್ಲ. ಅಷ್ಟರಲ್ಲಿ ಒಂದು ಮಧ್ಯಾಹ್ನ ಛಾವಣಿಯ ಗಾರೆಯ ಚಕ್ಕೆಯೊಂದು ಕಳಚಿ ಅಪ್ಪನ ದಿಂಬಿನ ಪಕ್ಕಕ್ಕೆ ಬಿತ್ತು. ಅಂಗೈಯಗಲದ ಚಕ್ಕೆ. ನಾಲ್ಕು ಬೆರಳು ಈಚೆಗೆ ಬಿದ್ದಿದ್ದರೆ ಕಣ್ಣು ಹೋಗುತ್ತಿತ್ತು. ಅದನ್ನು ನನ್ನ ಊಟದ ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು ಮೂರನೆಯ ಸಲ ಹೋದೆ. ಈ ಸಲ ಅವನಿದ್ದ. ಗುಂಡು ಮುಖ, ಬಾಚಿದ ಒದ್ದೆ ತಲೆ, ಕೂಲರ್ ಎದುರಿಗೆ ಆರಾಮವಾಗಿ ಕೂತಿದ್ದ. ಡಬ್ಬಿ ಮೇಜಿನ ಮೇಲಿಟ್ಟ ಕೂಡಲೇ ಅವನ ಮುಖ ಅರಳಿತು.

"ಮಿಠಾಯೀ? ಏನು ಖುಷಿ ಸಮಾಚಾರ ಮೇಡಂ ಜೀ?" ಎಂದು ಹಿಂದಿಯಲ್ಲಿ ಕೇಳುತ್ತಲೇ ಮುಚ್ಚಳ ತೆಗೆದ.

"ನಮ್ಮ ಮನೆಯ ಛಾವಣಿ ಸರ್," ಎಂದೆ.

ಅವನು ಮುಚ್ಚಳ ಹಾಕಿದ. ಡಬ್ಬಿಯನ್ನು ಎರಡು ಬೆರಳಿನಿಂದ ನನ್ನ ಕಡೆಗೆ ತಳ್ಳಿದ. ರಿಜಿಸ್ಟರ್ ತರಿಸಿ ಪುಟ ತಿರುಗಿಸಿ ನನ್ನ ಸಹಿಯ ಮೇಲೆ ಬೆರಳಿಟ್ಟ.

"ಇದು ನಿಮ್ಮದೇ ಸಹಿ ತಾನೇ? ದಾಖಲೆ ಪ್ರಕಾರ ನಿಮ್ಮ ಛಾವಣಿ ಸೋರುತ್ತಿಲ್ಲ."

ಗಾರೆಯವನು ಹೇಳಿದ್ದನ್ನು ಹೇಳಿದೆ. ಅಪ್ಪ ಹಾಸಿಗೆ ಹಿಡಿದಿದ್ದಾರೆ, ಹನಿ ನೇರ ಅವರ ಮೇಲೆ ಬೀಳುತ್ತದೆ ಎಂದೆ. ಕೈ ಮುಗಿದೆ, ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ.

"ಓದಿದವರು, ಸರ್ಕಾರಿ ನೌಕರಿಯಲ್ಲಿರೋರು. ಇನ್ನೂ ಆಗದ ಕೆಲಸಕ್ಕೆ ಯಾರಾದ್ರೂ ಸಹಿ ಹಾಕ್ತಾರಾ?" ಎಂದು ನಕ್ಕ. "ಮಂಚ ಸ್ವಲ್ಪ ಪಕ್ಕಕ್ಕೆ ಎಳ್ಕೊಳ್ಳಿ. ದಿಲ್ಲಿಯಲ್ಲಿ ಮಳೆ ಇನ್ನೆಷ್ಟು ದಿನ?"

ಮಂಚ ಪಕ್ಕಕ್ಕೆ ಎಳೆದುಕೊಂಡೆವು. ಅಲ್ಲೂ ಸೋರಿತು. ಇನ್ನೊಂದು ಕೋಣೆ ಇದಕ್ಕಿಂತ ಹೆಚ್ಚು ಸೋರುತ್ತಿತ್ತು. ನಿಮ್ಮ ದುಡ್ಡಿನಲ್ಲೇ ಮಾಡಿಸಬಹುದಿತ್ತಲ್ಲ ಎಂದು ಆಮೇಲೆ ಹಲವರು ಬುದ್ಧಿ ಹೇಳಿದರು. ಸರ್ಕಾರಿ ಕಟ್ಟಡದ ಛಾವಣಿಗೆ ಕೈ ಹಚ್ಚಲು ಲಿಖಿತ ಅನುಮತಿ ಬೇಕು, ಅನುಮತಿ ಕೊಡಬೇಕಾದವನು ಅವನೇ. ಕದ್ದು ಒಂದು ಪ್ಲಾಸ್ಟಿಕ್ ಹಾಳೆ ಕಟ್ಟಿಸಿದೆ. ಒಂದೇ ಆಂಧಿಗೆ, ಇಲ್ಲಿನ ಧೂಳುಗಾಳಿಗೆ, ಅದು ಹಾರಿ ಎದುರು ಬ್ಲಾಕಿನ ಬೇವಿನ ಮರಕ್ಕೆ ಸಿಕ್ಕಿಕೊಂಡಿತು, ಮಳೆಗಾಲವಿಡೀ ಅಲ್ಲೇ ಪಟಪಟ ಬಡಿಯುತ್ತಿತ್ತು.

ಕೊನೆಗೆ ಮಗಳು ಉಪಾಯ ಮಾಡಿದಳು. ನನ್ನ ದೊಡ್ಡ ಕಪ್ಪು ಕೊಡೆಯನ್ನು ಬಿಚ್ಚಿ, ತನ್ನ ಸ್ಕಿಪ್ಪಿಂಗ್ ಹಗ್ಗದಿಂದ ಮಂಚದ ತಲೆಯ ಕಂಬಿಗೆ ಬಿಗಿದಳು. ಹನಿ ಕೊಡೆಯ ಮೇಲೆ ಬಿದ್ದು ಅಂಚಿನಿಂದ ಬಕೆಟ್ಟಿಗೆ ಇಳಿಯುತ್ತಿತ್ತು. ಅಪ್ಪ ಕೆಳಗಿನಿಂದ ಕೊಡೆಯ ಕಡ್ಡಿಗಳನ್ನು ನೋಡುತ್ತಾ, "ದೇವರಿಗೆ ಛತ್ರಿ ಹಿಡಿದಂಗೈತೆ ಕಣಮ್ಮ. ಇನ್ನು ಪಲ್ಲಕ್ಕಿ ಎತ್ತೋದೊಂದು ಬಾಕಿ," ಎಂದರು. ಮಗಳು ನಕ್ಕಳು. ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ಆ ಆಗಸ್ಟಿನ ಒಂದು ಭಾನುವಾರ, ಮಧ್ಯಾಹ್ನ ತೋರಿಸುವ ಹಳೆಯ ಪಂದ್ಯವೊಂದು ಟಿವಿಯಲ್ಲಿ ಬರುತ್ತಿತ್ತು. ಎಲ್ಲೋ ಹೊರದೇಶದ ಕ್ರೀಡಾಂಗಣ. ಮಳೆ ಶುರುವಾಯಿತು, ಮೇಲಿನ ಎರಡು ಬದಿಯಿಂದ ಛಾವಣಿ ನಿಧಾನವಾಗಿ ಸರಿದು ಬಂದು ಮೈದಾನದ ಮೇಲೆ ಕೂಡಿಕೊಂಡಿತು. ಅಪ್ಪ ಸರಿಯಿದ್ದ ಕೈಯಿಂದ ಮಂಚ ತಟ್ಟಿದರು.

"ಲೇ, ಬಾರೇ ಇಲ್ಲಿ! ನೋಡೇ! ಹುಲ್ಲು ನೆನೀಬಾರ್ದು ಅಂತ ಮುಚ್ತಾವ್ರೆ!"

"ತಾತಾ, ಕಿತ್‌ನಾ ಕೂಲ್ ಹೈ ನಾ!" ಎಂದಳು ಮಗಳು.

"ನಾವು ಕೆಸರಲ್ಲೇ ಆಡ್ತಿದ್ವಿ. ಚೆಂಡು ಬಂದ್ರೆ ಸೋಪಿನ ಗಡ್ಡೆ, ಕೈಯಲ್ಲಿ ನಿಲ್ತಿರ್ಲಿಲ್ಲ." ಆಮೇಲೆ ಕೊಡೆಯ ಕಡೆ ನೋಡಿದರು. "ಆ ಇಂಜಿನಿಯರನ್ನ ಒಂದು ದಿವ್ಸ ಕರ್ಕೊಂಡು ಬಾರಮ್ಮ. ಹೊಡಿಯಲ್ಲ, ಬಯ್ಯಲ್ಲ. ಈ ಮಂಚದ ಮೇಲೆ ಒಂದು ಗಂಟೆ ಮಲಗ್ಲಿ. ಮಲಗಿ ಮೇಲೆ ನೋಡ್ಲಿ. ಅಷ್ಟೇ."

ಅಪ್ಪ ಡಿಸೆಂಬರಿನಲ್ಲಿ ಹೋದರು. ಸೋರುವ ಛಾವಣಿಯೇ ಅವರನ್ನು ಕೊಂದಿತು ಎಂದು ಹೇಳಲಾರೆ. ಮಂಜು ಬಿದ್ದ ವಾರ ಎರಡನೆಯ ಸಲ ಲಕ್ವ ಹೊಡೆಯಿತು ಎಂದು ಡಾಕ್ಟರು ಹೇಳಿದರು, ಅದು ನಿಜ. ಆದರೆ ಅವರ ಕೊನೆಯ ಮಳೆಗಾಲವನ್ನು ಅವರು ಮನೆಯೊಳಗೆ ಕೊಡೆಯ ಕೆಳಗೆ ಕಳೆದರು. ಅದಕ್ಕೆ ಕಾರಣನಾದವನಿಗೆ ಹೆಸರಿದೆ, ಹುದ್ದೆಯಿದೆ. ಆ ಕಾರಣದಲ್ಲಿ ನನ್ನ ಸಹಿಯೂ ಇದೆ, ಅದನ್ನು ನಾನು ಮರೆತಿಲ್ಲ. ಬಹುಶಃ ಅದನ್ನು ಮರೆಯಲಾಗದ್ದಕ್ಕೇ ಅವನನ್ನು ಅಷ್ಟೊಂದು ದ್ವೇಷಿಸಿದೆ.

ಕಬ್ಬಿಣದ ಮಂಚವನ್ನು ಬಾಡಿಗೆಯವನು ಬಂದು ಒಯ್ದ. ಗಾರೆಯ ಚಕ್ಕೆಯನ್ನು ನಾನು ಎಸೆಯಲಿಲ್ಲ. ಹಳೆಯ ಬಟ್ಟೆಯಲ್ಲಿ ಸುತ್ತಿ ಬೀರುವಿನ ಕೆಳಗಿನ ಖಾನೆಯಲ್ಲಿಟ್ಟೆ. ದೂರು ಕೊಡುವುದನ್ನೂ ನಿಲ್ಲಿಸಿದೆ. ಮಳೆಗಾಲ ಬಂದರೆ ಹನಿ ಬೀಳುವಲ್ಲಿ ಬಕೆಟ್ ಇಡುತ್ತಿದ್ದೆ. ಇಷ್ಟು ವರ್ಷದ ನೌಕರಿಯಲ್ಲಿ ನನಗೆ ಗೊತ್ತಿದ್ದ ಒಂದು ಸಂಗತಿಯೆಂದರೆ, ದೆಹಲಿಯಲ್ಲಿ ಯಾವ ಅಧಿಕಾರಿಯೂ ಒಂದೇ ಕುರ್ಚಿಯಲ್ಲಿ ಇರುವುದಿಲ್ಲ, ಇವತ್ತಲ್ಲ ನಾಳೆ ಅವನ ಫೈಲು ಯಾರದೋ ಮೇಜಿಗೆ ಬರಲೇಬೇಕು. ಅದು ನನ್ನ ಮೇಜಾಗಲಿ ಎಂದು ದೇವರಿಗೆ ದೀಪ ಹಚ್ಚುವಾಗಲೂ ಕೇಳಿಕೊಂಡಿದ್ದೇನೆ.

ಮೂರು ವರ್ಷ ಬಿಟ್ಟು ಬಂತು.

ಆಗ ದೆಹಲಿಯಲ್ಲೆಲ್ಲ ಮುಂದೆ ನಡೆಯಲಿದ್ದ ದೊಡ್ಡ ಅಂತರರಾಷ್ಟ್ರೀಯ ಆಟೋಟದ ತಯಾರಿ. ರಸ್ತೆ ಅಗೆತ, ಮೇಲ್ಸೇತುವೆ, ಎಲ್ಲೆಡೆ ತಗಡಿನ ಬೇಲಿ. ನಾನು ಬಡ್ತಿ ಸಿಕ್ಕಿ ಸೆಕ್ಷನ್ ಆಫೀಸರ್ ಆಗಿದ್ದೆ. ಇಂಥ ಕಾಮಗಾರಿಗಳ ಖರ್ಚನ್ನು ಯಾರು ಹೊರಬೇಕು ಎಂದು ಪರಿಶೀಲಿಸುವ ವಿಭಾಗ ನನ್ನದು. ಒಂದು ಬೆಳಿಗ್ಗೆ ಮೇಜಿಗೆ ಬಂದ ದಪ್ಪ ಫೈಲಿನಲ್ಲಿ, ಒಂದು ಹಳೆಯ ಫುಟ್‌ಬಾಲ್ ಮೈದಾನಕ್ಕೆ ಮುಚ್ಚಿ ತೆರೆಯುವ ಛಾವಣಿ ಹಾಕುವ ಪ್ರಸ್ತಾವನೆಯಿತ್ತು. ಕಟ್ಟುವ ಖರ್ಚನ್ನೂ ಮುಂದೆ ನಡೆಸುವ ಖರ್ಚನ್ನೂ ನಗರವೇ ಕೊಡಬೇಕು. ಕೊನೆಯ ಪುಟದಲ್ಲಿ ಪ್ರಸ್ತಾವನೆ ಸಲ್ಲಿಸಿದವನ ಸಹಿ ನೋಡಿದೆ. ಅವನದೇ. ಅವನಿಗೂ ಬಡ್ತಿಯಾಗಿತ್ತು. ಎದ್ದು ಹೋಗಿ ನೀರು ಕುಡಿದು ಬಂದೆ.

ಮರುವಾರ ಮೀಟಿಂಗಿನಲ್ಲಿ ಅವನು ಥರ್ಮೋಕೋಲಿನ ಮಾದರಿ ತಂದಿದ್ದ. ಮಳೆ ಬಂದರೆ ಛಾವಣಿ ಎರಡೂ ಕಡೆಯಿಂದ ಸರಿದು ಬರುತ್ತದೆ, ಪ್ರೇಕ್ಷಕರು ಒಂದು ಚಹಾ ಕುಡಿದು ಮುಗಿಸುವಷ್ಟರಲ್ಲಿ ಮೈದಾನ ಮುಚ್ಚಿರುತ್ತದೆ ಎಂದ. ಜೂನ್ ತಿಂಗಳ ಬಿಸಿಲಿಗೂ ಮುಚ್ಚಬಹುದು, ಒಳಗೆ ಎ.ಸಿ. ಹಾಕಬಹುದು. ಪ್ರಪಂಚವೆಲ್ಲ ನಮ್ಮನ್ನು ನೋಡುತ್ತಿದೆ, ಆಟಗಾರರ ತಲೆಯ ಮೇಲೆ ಒಂದು ಒಳ್ಳೆಯ ಛಾವಣಿ ಬೇಡವೇ ಎಂದು ಕೇಳಿದ. ಹೇಳುತ್ತಾ ಮಾದರಿಯ ಛಾವಣಿಯನ್ನು ಬೆರಳಿನಿಂದ ತಳ್ಳಿದ. ಅರ್ಧಕ್ಕೆ ಸಿಕ್ಕಿಕೊಂಡಿತು. ಇನ್ನೊಂದು ಸಲ ತಳ್ಳಿದ, ಒಂದು ಮೂಲೆ ಮುರಿಯಿತು. ಎಲ್ಲರೂ ನಕ್ಕರು, ಅವನೂ ನಕ್ಕ. ನಾನು ಮಾತ್ರ ಅವನ ಬೆರಳನ್ನೇ ನೋಡುತ್ತಿದ್ದೆ. ನನ್ನ ಸಹಿಯ ಮೇಲಿಟ್ಟ ಬೆರಳು ಅದೇ.

ನನ್ನನ್ನು ಅವನು ಗುರುತಿಸಲಿಲ್ಲ. ಎರಡು ಸಲ ಮುಖಕ್ಕೆ ಮುಖ ಕೊಟ್ಟು ಮಾತಾಡಿದ, 'ಮೇಡಂ ಜೀ, ನಿಮ್ಮ ಆಶೀರ್ವಾದ ಇರಲಿ' ಎಂದ.

ಮನೆಯಲ್ಲಿ ವಿಷಯ ತೆಗೆದೆ. ಮಗಳು ಆಗ ಹನ್ನೊಂದನೆಯ ಕ್ಲಾಸು, ಸ್ಕೂಲಿನ ತಂಡದ ಗೋಲ್‌ಕೀಪರ್. ತಾತನ ಉದ್ದನೆಯ ಕೈ ಅವಳಿಗೆ ಬಂದಿತ್ತು.

"ಕಟ್ಟಲಿ ನಾ ಮಮ್ಮಿ! ನಮ್ಮ ಸೆಮಿಫೈನಲ್ ಬಾರಿಶ್ ಅಂತ ಕ್ಯಾನ್ಸಲ್ ಆಯ್ತು, ಯಾದ್ ಇಲ್ವಾ? ತಾತಾಗೂ ಎಷ್ಟು ಪಸಂದ್ ಆಗಿತ್ತು ಆ ಛತ್!"

ಆ ಮಾತು ಎರಡು ದಿನ ನನ್ನನ್ನು ತಡೆದು ನಿಲ್ಲಿಸಿತು. ನಿಜ, ಆ ಛಾವಣಿ ಅಪ್ಪನಿಗೆ ಇಷ್ಟವಾಗಿತ್ತು; ಮಗಳ ಪಂದ್ಯ ಮಳೆಗೆ ರದ್ದಾದದ್ದೂ ನಿಜ. ಫೈಲನ್ನು ತೆರೆದಿಟ್ಟುಕೊಂಡು ನನ್ನನ್ನೇ ಕೇಳಿಕೊಂಡೆ: ಇದನ್ನು ಬೇರೆ ಯಾರಾದರೂ ಕಳಿಸಿದ್ದರೆ ಏನು ಬರೆಯುತ್ತಿದ್ದೆ? 'ಪ್ರಸ್ತಾವಿಸಿದಂತೆ ಪರಿಗಣಿಸಬಹುದು' ಎಂದು ಒಂದು ಸಾಲು ಬರೆದು ಮೇಲಕ್ಕೆ ಕಳಿಸಿ ಬಸ್ಸು ಹಿಡಿಯುತ್ತಿದ್ದೆ, ಅಷ್ಟೇ. ಆಮೇಲೆ ಮೂರನೆಯ ದಿನ ಮಳೆ ಬಂತು. ಮುಂದಿನ ಕೋಣೆಯಲ್ಲಿ, ಮಂಚವಿದ್ದ ಜಾಗದಲ್ಲಿ, ಬಕೆಟ್ಟಿಗೆ ಹನಿ ಬೀಳುವುದನ್ನು ಕೇಳುತ್ತಾ ಅನ್ನಕ್ಕಿಟ್ಟೆ. ಬೆಳಿಗ್ಗೆ ಆಫೀಸಿಗೆ ಹೋಗಿ ಹಸಿರು ಹಾಳೆ ತೆಗೆದೆ.

ಫೈಲಿನಲ್ಲಿ ನಾವು ಟಿಪ್ಪಣಿ ಬರೆಯುವುದು ಹಸಿರು ಹಾಳೆಯ ಮೇಲೆ. ಪ್ರತಿ ಪುಟಕ್ಕೂ ಸಂಖ್ಯೆ ಇರುತ್ತದೆ, ಹರಿದು ತೆಗೆಯುವಂತಿಲ್ಲ. ಒಮ್ಮೆ ಅಲ್ಲಿ ಪ್ರಶ್ನೆ ಬಿದ್ದು ಅದರ ಮೇಲೆ ದೊಡ್ಡವರ ಸಹಿಯಾಯಿತೆಂದರೆ ಉತ್ತರ ಬರುವ ತನಕ ಫೈಲು ಮುಂದೆ ಹೋಗುವುದಿಲ್ಲ. ಬಯ್ಯಲು ಅವಕಾಶವಿಲ್ಲದ ಭಾಷೆ ಅದು, ಎಲ್ಲವನ್ನೂ 'ದಯವಿಟ್ಟು' ಎಂದೇ ಕೇಳಬೇಕು. ಆ ದಿನ ನಾನು ಬರೆದಷ್ಟು ದಯವಿಟ್ಟುಗಳನ್ನು ಜನ್ಮದಲ್ಲಿ ಬರೆದಿಲ್ಲ.

ಛಾವಣಿಯನ್ನು ತೆರೆದು ಮುಚ್ಚಲು ಯಾವ ಹುದ್ದೆಯ ನೌಕರನಿರುತ್ತಾನೆ, ಆ ಹುದ್ದೆ ಮಂಜೂರಾಗಿದೆಯೇ ಎಂದು ದಯವಿಟ್ಟು ತಿಳಿಸಬಹುದು ಎಂದು ಶುರುಮಾಡಿದೆ. ಮೇ ತಿಂಗಳ ಆಂಧಿಯ ಧೂಳು ಹಳಿಗಳಲ್ಲಿ ತುಂಬಿಕೊಂಡರೆ ತೆಗೆಯುವವರು ಯಾರು? ಈ ಪ್ರದೇಶದಲ್ಲಿ ಕೋತಿಗಳ ಹಾವಳಿಯಿದೆ, ನಮ್ಮ ಕಚೇರಿಯಲ್ಲೇ ಕಿಟಕಿಯ ವೈರುಗಳನ್ನು ಕಿತ್ತಿವೆ; ಛಾವಣಿಯ ಮೋಟಾರುಗಳಿಗೆ ರಕ್ಷಣೆ ಏನು? ಅರ್ಧಕ್ಕೆ ನಿಂತುಹೋದರೆ ದೂರು ಕೊಡಬೇಕಾದದ್ದು ಎಲ್ಲಿ, ಎಷ್ಟು ದಿನದಲ್ಲಿ ರಿಪೇರಿಯಾಗುತ್ತದೆ? ಆಮೇಲೆ ಪೆನ್ನು ಒಂದು ಕ್ಷಣ ನಿಲ್ಲಿಸಿ, ಮೂರು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಮಾತು ಬರೆದೆ: 'ದೆಹಲಿಯಲ್ಲಿ ಮಳೆ ಬರುವುದು ಕೆಲವೇ ದಿನ. ಅಂಥ ದಿನಗಳಲ್ಲಿ ಪಂದ್ಯವನ್ನೇ ಸ್ವಲ್ಪ ಪಕ್ಕಕ್ಕೆ ಸರಿಸಿಕೊಳ್ಳಬಹುದೇ ಎಂದು ದಯವಿಟ್ಟು ಪರಿಶೀಲಿಸಬಹುದು.'

ಕೊನೆಯದು ಇನ್ನೂ ಬಾಕಿಯಿತ್ತು. 'ನಗರವು ಈ ಖರ್ಚನ್ನು ಒಪ್ಪಿಕೊಳ್ಳುವ ಮೊದಲು, ಛಾವಣಿಯ ಕೆಲಸ ತೃಪ್ತಿಕರವಾಗಿರುವುದೆಂದೂ ಅದರ ನಿರ್ವಹಣೆಗೆ ತಾವೇ ಹೊಣೆಯೆಂದೂ ಪ್ರಸ್ತಾವನೆ ಸಲ್ಲಿಸಿದ ಅಧಿಕಾರಿಯು ಸಹಿ ಮಾಡಿದ ಪತ್ರವನ್ನು ಫೈಲಿಗೆ ಸೇರಿಸಬಹುದು.' ನನ್ನ ಮೇಲಿನ ಅಧಿಕಾರಿ ನಿವೃತ್ತಿಗೆ ನಾಲ್ಕು ತಿಂಗಳಿದ್ದವರು, ಬೇರೆಯವರು ಸಹಿ ಹಾಕುವ ಯಾವ ಸಲಹೆಯೂ ಅವರಿಗೆ ಇಷ್ಟ. ಓದಿ, ತಲೆಯಾಡಿಸಿ, ಸಹಿ ಮಾಡಿದರು. ಟಿಪ್ಪಣಿಯಲ್ಲಿ ಒಂದು ಸುಳ್ಳೂ ಇರಲಿಲ್ಲ. ನಗರದ ಹಿತಕ್ಕೆ ಬರೆದೆ ಎಂದರೆ ಮಾತ್ರ ಅದು ಸುಳ್ಳು.

ಹತ್ತು ದಿನಕ್ಕೆ ಅವನೇ ಬಂದ. ಊಟದ ಹೊತ್ತು, ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಫೈಲನ್ನು ಮೇಜಿನ ಮೇಲಿಟ್ಟು ಕುರ್ಚಿ ಎಳೆದುಕೊಂಡ. ಉಳಿದ ಪ್ರಶ್ನೆಗಳಿಗೆಲ್ಲ ಏನೋ ಉತ್ತರ ಬರೆಸಿದ್ದ. ಕೋತಿಗಳನ್ನು ಹೆದರಿಸಿ ಓಡಿಸಲು ಲಂಗೂರ್, ಅಂದರೆ ದೊಡ್ಡ ಮುಸುವ, ಸಾಕುವವನನ್ನು ಗೊತ್ತುಮಾಡುವುದಾಗಿಯೂ ಇತ್ತು. ಕೊನೆಯದರ ಮುಂದೆ ಜಾಗ ಖಾಲಿ.

"ಮೇಡಂ ಜೀ, ಇದೊಂದು ತೆಗೆದುಬಿಡಿ."

"ಹಸಿರು ಹಾಳೆ ಸರ್. ತೆಗೆಯೋಕ್ಕಾಗಲ್ಲ, ನಿಮಗೇ ಗೊತ್ತಲ್ಲ."

"ಅರೇ, ನೀವೇ ಯೋಚಿಸಿ. ಇನ್ನೂ ಆಗದ ಕೆಲಸಕ್ಕೆ ನಾನು ಹೇಗೆ ಸಹಿ ಹಾಕಲಿ?"

ಈ ಮಾತು ಅವನ ಬಾಯಿಂದಲೇ ಬರಲಿ ಎಂದು ನಾನು ಎಷ್ಟು ಕಾದಿದ್ದೆನೋ. ಬಂದೇಬಿಟ್ಟಿತು.

"ನಾನು ಹಾಕಿದ್ದೆ ಸರ್," ಎಂದೆ.

ಅವನಿಗೆ ಅರ್ಥವಾಗಲಿಲ್ಲ. "ನೀವು? ಯಾವುದಕ್ಕೆ?" ಎಂದ. ಮೊಬೈಲ್ ಬಡಿದುಕೊಂಡಿತು, ಉತ್ತರಕ್ಕೂ ಕಾಯದೆ ಎದ್ದು ಮಾತಾಡುತ್ತಾ ಹೊರಗೆ ಹೋದ. ಹಿಂದೆ ಹೋಗಿ ಮನೆ ನಂಬರು, ಅಪ್ಪ, ಕೊಡೆ, ಎಲ್ಲ ಹೇಳಿಬಿಡೋಣ ಎನಿಸಿತು. ಹೇಳಲಿಲ್ಲ. ಅವನೇ ನೆನಪು ಮಾಡಿಕೊಳ್ಳಬೇಕು, ನಾನು ಹೇಳಿಕೊಟ್ಟರೆ ಅದು ಸೇಡಲ್ಲ ಎಂಬ ಹಟ.

ಅವನು ಸಹಿ ಹಾಕಲಿಲ್ಲ. ಅವನ ಮೇಲಿನವರೂ ಹಾಕಲಿಲ್ಲ. ಎರಡು ತಿಂಗಳು ಫೈಲು ಅಲ್ಲಿಂದಿಲ್ಲಿಗೆ ಓಡಾಡಿತು, ಕೊನೆಗೆ ಮೇಲಿನಿಂದ ಆದೇಶ ಬಂತು: ಮೈದಾನವನ್ನು ಛಾವಣಿಯಿಲ್ಲದೆ ದುರಸ್ತಿ ಮಾಡಬಹುದು. ಆ ಸಂಜೆ ಬಸ್ಸಿನಿಂದ ಎರಡು ಸ್ಟಾಪ್ ಮೊದಲೇ ಇಳಿದು ಬಿಸಿ ಜಿಲೇಬಿ ಕಟ್ಟಿಸಿಕೊಂಡೆ, ಅಪ್ಪನ ಫೋಟೋದ ಮುಂದಿಟ್ಟೆ. ಏನು ವಿಶೇಷ ಎಂದು ಕೇಳಿದ ಮಗಳಿಗೆ ಏನೂ ಹೇಳಲಿಲ್ಲ. ಅವಳ ಮಳೆಯ ಪಂದ್ಯಗಳನ್ನೂ ನಾನೇ ತಳ್ಳಿಹಾಕಿದ್ದೆ. ಅದು ಗೊತ್ತಿದ್ದೂ ಆ ಜಿಲೇಬಿ ಬಹಳ ರುಚಿಯಾಗಿತ್ತು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ಎರಡು ವರ್ಷದ ನಂತರ, ಮಳೆಗಾಲಕ್ಕೆ ಸ್ವಲ್ಪ ಮುಂಚೆ, ಅವನು ಮತ್ತೆ ನನ್ನ ಕೋಣೆಗೆ ಬಂದ. ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ. ಮೇಜಿನ ಮೇಲಿಟ್ಟು ಎರಡೂ ಕೈ ಜೋಡಿಸಿದ.

"ಮೇಡಂ ಜೀ, ನನ್ನ ಹೆಂಡತಿ ಕೈಯಾರೆ ಮಾಡಿದ ಬೇಸನ್ ಲಡ್ಡು. ನಮ್ಮ ಮನೆಯಲ್ಲಿ ದಿನಾ ನಿಮ್ಮ ಹೆಸರು ಹೇಳ್ತೀವಿ."

ನಡೆದದ್ದು ಇಷ್ಟು. ಅವನ ಬ್ಯಾಚಿನ ಇನ್ನೊಬ್ಬ ಇಂಜಿನಿಯರು ಅದೇ ಬಗೆಯ ಛಾವಣಿಯನ್ನು, ಅದೇ ಗುತ್ತಿಗೆದಾರನಿಂದ, ಬೇರೊಂದು ಊರಿನಲ್ಲಿ ಹಾಕಿಸಲು ಹೋಗಿದ್ದ. ಕೇಳಿದಲ್ಲೆಲ್ಲ ಸಹಿ ಹಾಕಿದ್ದ. ಛಾವಣಿ ಅರ್ಧಕ್ಕೆ ನಿಂತಿತು, ವಿಚಾರಣೆ ಬಂತು, ಆ ಮನುಷ್ಯ ಅಮಾನತಾಗಿ ಮನೆಯಲ್ಲಿ ಕೂತಿದ್ದ. "ನಿಮ್ಮ ಆ ಒಂದು ಪ್ರಶ್ನೆ ಇಲ್ಲದಿದ್ರೆ ನಾನೂ ಹಾಕಿಬಿಡ್ತಿದ್ದೆ. ನನ್ನ ಪೆನ್ಷನ್, ಮಕ್ಕಳ ಮದುವೆ, ಎಲ್ಲ ಉಳಿಸಿದಿರಿ," ಎಂದು ಕಣ್ಣಲ್ಲಿ ನೀರು ತಂದುಕೊಂಡ. ಅವನನ್ನು ಮುಳುಗಿಸಬೇಕೆಂದು ಬರೆದ ಸಾಲು ಅವನನ್ನು ದಡ ಸೇರಿಸಿತ್ತು. 'ಪ್ರಸ್ತಾವಿಸಿದಂತೆ ಪರಿಗಣಿಸಬಹುದು' ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು, ಅವನು ಈಗ ಮನೆಯಲ್ಲಿ ಕೂತಿರುತ್ತಿದ್ದ. ನನ್ನ ಹಣೆಬರಹಕ್ಕೆ ನಗರದ ಹಿತವನ್ನೂ ಅವನ ಹಿತವನ್ನೂ ಒಟ್ಟಿಗೆ ಕಾಯ್ದಿದ್ದೆ.

ಲಡ್ಡುಗಳನ್ನು ಆಫೀಸಿನಲ್ಲೇ ಹಂಚಿದೆ, ಒಂದನ್ನೂ ಬಾಯಿಗೆ ಹಾಕಲಿಲ್ಲ. ಡಬ್ಬಿ ತೊಳೆದು ಮನೆಗೆ ತಂದೆ. ನಮ್ಮಲ್ಲಿ ಯಾರದೇ ಮನೆಯ ಪಾತ್ರೆಯನ್ನು ಖಾಲಿಯಾಗಿ ವಾಪಸು ಕೊಡುವುದಿಲ್ಲ, ಒಂದು ಚಮಚ ಸಕ್ಕರೆಯಾದರೂ ಹಾಕುತ್ತೇವೆ. ಅಮ್ಮ ಕಲಿಸಿದ್ದು. ಬೀರುವಿನ ಕೆಳಗಿನ ಖಾನೆಯಿಂದ ಬಟ್ಟೆಯ ಗಂಟು ತೆಗೆದೆ. ಗಾರೆಯ ಚಕ್ಕೆಯನ್ನು ಡಬ್ಬಿಯಲ್ಲಿಟ್ಟು, ಮುಚ್ಚಳ ಒತ್ತಿ, ಮರುದಿನ ಪ್ಯೂನಿನ ಕೈಯಲ್ಲಿ ಅವನ ಆಫೀಸಿಗೆ ಕಳಿಸಿದೆ. ಈಗಲಾದರೂ ನೆನಪಾಗುತ್ತದೆ. ಅದೇ ಚಕ್ಕೆ, ಅಂಥದೇ ಡಬ್ಬಿ. ಮೂರು ಗಂಟೆಗೆ ಫೋನ್ ಬಂತು.

"ಮೇಡಂ ಜೀ, ಡಬ್ಬಿಯಲ್ಲಿ ಏನೋ ಪ್ಲಾಸ್ಟರ್ ತುಂಡು ಬಂದಿದೆ?"

"ನಮ್ಮ ಮನೆಯ ಛಾವಣಿ ಸರ್," ಎಂದೆ. ಐದು ವರ್ಷದ ಹಿಂದಿನ ಅದೇ ಮಾತು, ಅದೇ ಧ್ವನಿ.

ಈಗ ನೆನಪಾಗುತ್ತದೆ ಎಂದು ರಿಸೀವರನ್ನು ಕಿವಿಗೆ ಒತ್ತಿ ಹಿಡಿದೆ.

"ಅರೇ! ನಿಮ್ಮ ಮನೆ ಸೋರುತ್ತಾ? ನನಗೊಂದು ಮಾತು ಹೇಳಬಾರದಿತ್ತಾ! ನಾನು ಮೊದಲು ಕ್ವಾರ್ಟರ್ಸ್ ರಿಪೇರಿಯಲ್ಲೇ ಇದ್ದವನು. ಕಾಲೋನಿ, ಮನೆ ನಂಬರ್ ಹೇಳಿ."

ಕಾಲೋನಿ, ನಂಬರು ಹೇಳಿದೆ. ಆ ನಂಬರೂ ಅವನಿಗೆ ಏನನ್ನೂ ನೆನಪಿಸಲಿಲ್ಲ. ಬರೆದುಕೊಂಡ, ಅಷ್ಟೇ.

ಮರುದಿನ ಬೆಳಿಗ್ಗೆ ಏಳೂವರೆಗೆ ನಾಲ್ಕು ಜನ ಬಂದರು. ಡಾಂಬರಿನ ಡ್ರಮ್ಮು, ಸಿಮೆಂಟು, ಹೊಸ ಇಟ್ಟಿಗೆ, ಎಲ್ಲ ಮೊದಲೇ ತಂದಿದ್ದರು. ಹಳೆಯ ಪದರವನ್ನು ಕಿತ್ತು, ಡಾಂಬರು ಕಾಯಿಸಿ ಸುರಿದು, ಮೇಲೆ ಇಟ್ಟಿಗೆ ಹಾಸಿದರು. ಒಳಗೆ ಗಾರೆ ಹಚ್ಚಿ ಸುಣ್ಣವನ್ನೂ ಬಳಿದರು. ಎರಡು ದಿನ. ಎರಡೇ ದಿನದ ಕೆಲಸ ಅದು.

ಕೊನೆಯಲ್ಲಿ ಅವರ ಮೇಸ್ತ್ರಿ ಚೀಟಿ ತೆಗೆದು 'ಕೆಲಸ ತೃಪ್ತಿಕರ' ಎಂಬಲ್ಲಿ ಬೆರಳಿಟ್ಟು ತೋರಿಸಿದ.

"ಮಳೆ ಬರಲಿ ಭಯ್ಯಾ. ಆಮೇಲೆ," ಎಂದೆ.

"ಮೇಡಂ ಜೀ, ಸಾಹೇಬ್ ನೇ ಖುದ್ ಬೋಲಾ ಹೈ."

"ಸಾಹೇಬರೇ ಹೇಳಿರಬಹುದು, ಮಳೆ ಬರಲಿ," ಎಂದು ಚೀಟಿಯನ್ನು ಇಟ್ಟುಕೊಂಡೆ.

ಒಂಬತ್ತು ದಿನ ಬಿಟ್ಟು ಜೋರು ಮಳೆ ಹುಯ್ಯಿತು. ಭಾನುವಾರ ಮಧ್ಯಾಹ್ನ. ಮಗಳು ಗೆಳತಿಯ ಮನೆಗೆ ಹೋಗಿದ್ದಳು. ಮುಂದಿನ ಕೋಣೆಯಲ್ಲಿ, ಅಪ್ಪನ ಮಂಚವಿದ್ದ ಜಾಗದಲ್ಲಿ, ಚಾಪೆ ಹಾಸಿ ಮಲಗಿದೆ. ಮಲಗಿ ಮೇಲೆ ನೋಡಿದೆ. ಹೊಸ ಸುಣ್ಣ, ಬೆಳ್ಳಗೆ, ಒಂದು ಕಲೆಯಿಲ್ಲ. ಒಂದು ಹನಿ ಬೀಳಲಿ ಎಂದು ಬೇಡಿಕೊಂಡೆ. ಒಂದೇ ಒಂದು ಹನಿ ಬಿದ್ದರೂ ಆ ಚೀಟಿಯ ಮೇಲೆ ಅಪ್ಪನ ಹೆಸರು ಸಮೇತ ಎಲ್ಲವನ್ನೂ ಬರೆದು ಅವನಿಗೆ ಕಳಿಸುವವಳಿದ್ದೆ. ಒಂದು ಗಂಟೆಗಿಂತ ಹೆಚ್ಚು ಹೊತ್ತು ಹಾಗೇ ಮಲಗಿದ್ದೆ. ಹೊರಗೆ ಮಳೆ ನಿಂತಿತು.

ಒಂದು ಹನಿಯೂ ಬೀಳಲಿಲ್ಲ. ಎದ್ದು, ಪೆನ್ನು ಹುಡುಕಿ, ಚೀಟಿಗೆ ಸಹಿ ಹಾಕಿದೆ.